ವಿಭೂತಿಯ ಕೆಳಗಿನ ಗಾಯ

ಪುಟ್ಟಿ, ಗುಂಡಾ,

ಮೊನ್ನೆ ನೀವಿಬ್ಬರೂ ಪಡಸಾಲೆಯಲ್ಲಿ ಅಜ್ಜನ ಫೋಟೋದ ಕೆಳಗೆ ನಿಂತು ವಾದ ಮಾಡುತ್ತಿದ್ದುದು ಅಡುಗೆಮನೆಗೆ ಕೇಳಿಸುತ್ತಿತ್ತು. ಅಜ್ಜನ ಹಣೆಯ ನಡುವೆ ಕಾಣುವ ನಾಣ್ಯದಗಲದ ಕಲೆ ಹುಟ್ಟುಮಚ್ಚೆ ಎಂದು ಗುಂಡನ ವಾದ. ಅದು ಶಿವ ಕೊಟ್ಟ ಗುರುತು, ಅದಕ್ಕೇ ಅಜ್ಜ ಅಲ್ಲಿ ವಿಭೂತಿ ಹಚ್ಚದೆ ಜಾಗ ಬಿಟ್ಟಿದ್ದಾರೆ, ಹರಿಹರದ ದೊಡ್ಡಜ್ಜನೇ ಹೇಳಿದ್ದು ಎಂದು ಪುಟ್ಟಿಯ ವಾದ. ಕೊನೆಗೆ ನನ್ನನ್ನು ಕೇಳಿದಿರಿ. ಒಲೆಯ ಮೇಲೆ ಹಾಲಿದೆ ಎಂದು ಹೇಳಿ ನಾನು ಒಳಗೆ ಹೋದೆ.

ಅದು ಹುಟ್ಟುಮಚ್ಚೆಯಲ್ಲ, ಶಿವ ಕೊಟ್ಟದ್ದೂ ಅಲ್ಲ. ಆಸ್ಪತ್ರೆಯಲ್ಲಿ ಉಸಿರಾಟಕ್ಕೆಂದು ಮುಖಕ್ಕೆ ಕಟ್ಟಿದ್ದ ಮಾಸ್ಕು ಒತ್ತಿ ಒತ್ತಿ ಆದ ಗಾಯದ ಕಲೆ. ಇಷ್ಟು ಹೇಳಿದರೆ ಮುಗಿಯಿತು ಎಂದು ನಿಮಗನ್ನಿಸಬಹುದು. ಆದರೆ ಆ ಗಾಯದಿಂದ ಒಬ್ಬ ಹುಡುಗಿಯ ಕೆಲಸ ಹೋಗುವುದರಲ್ಲಿತ್ತು. ತಪ್ಪು ಯಾರದು ಎಂಬುದು ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಬಾಯಲ್ಲಿ ಹೇಳಹೊರಟರೆ ನನ್ನ ಮಾತು ಹಿಂದುಮುಂದಾಗುತ್ತದೆ. ಕೊಂಡಜ್ಜಿ ಊರಿನ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಜ್ಜ ಬಾಳಿನ ಬಹುಪಾಲನ್ನು ಮಂಡಕ್ಕಿ ಭಟ್ಟಿಯ ಮುಂದೆ ಕಳೆದವರು. ಸಂಜೆ ಅವರು ಆನೆಕೊಂಡದ ನಮ್ಮ ಓಣಿಗೆ ತಿರುಗುವ ಮೊದಲೇ ಅವರ ಕೆಮ್ಮು ಮನೆಗೆ ಬರುತ್ತಿತ್ತು. ಭಟ್ಟಿಗೆ ಉರಿಸುವ ಬತ್ತದ ಹೊಟ್ಟಿನ ಹೊಗೆ ಎದೆಯಲ್ಲಿ ಕೂತಿದೆ ಎಂದು ಡಾಕ್ಟರು ಬಹಳ ಹಿಂದೆಯೇ ಹೇಳಿದ್ದರು. ಆ ವರ್ಷದ ಚಳಿಗಾಲದಲ್ಲಿ ಕೆಮ್ಮು ಹೋಗಿ ಉಸಿರೇ ಸಿಕ್ಕಿಹಾಕಿಕೊಂಡಿತು. ತುಟಿ ನೀಲಿಯಾಯಿತು. ನಿಮ್ಮಪ್ಪ ಆಟೋದಲ್ಲಿ ಕೂರಿಸಿಕೊಂಡು ಹೋಗಿ ದಾವಣಗೆರೆಯಲ್ಲೇ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದ. ಆಗ ಪುಟ್ಟಿ ಇನ್ನೂ ಅಂಬೆಗಾಲಿಡುತ್ತಿದ್ದಳು, ಗುಂಡ ಹುಟ್ಟಿರಲಿಲ್ಲ. ನಿಮ್ಮಮ್ಮ ಮನೆ ನೋಡಿಕೊಂಡಳು. ಆಸ್ಪತ್ರೆಯಲ್ಲಿ ಅಜ್ಜನ ಜೊತೆ ನಾನು ಉಳಿದೆ.

ಅಲ್ಲಿ ಅವರಿಗೆ ಒಂದು ಮಾಸ್ಕು ಕಟ್ಟಿದರು. ನೀವು ಕೊರೊನಾ ಕಾಲದ ಫೋಟೋಗಳಲ್ಲಿ ನೋಡಿರುವ ಬಟ್ಟೆಯ ಮಾಸ್ಕಲ್ಲ. ಮೂಗು ಬಾಯಿ ಎರಡನ್ನೂ ಮುಚ್ಚುವ ಗಟ್ಟಿ ಪ್ಲಾಸ್ಟಿಕ್ಕಿನದು. ತಲೆಯ ಹಿಂದಕ್ಕೆ ಬಿಗಿಯುವ ಪಟ್ಟಿಗಳು, ಹಣೆಯ ಮೇಲೆ ಕೂರುವ ಒಂದು ರಬ್ಬರಿನ ಬಿಲ್ಲೆ, ಮುಂದೆ ಸೊಂಡಿಲಿನಂತೆ ಒಂದು ಪೈಪು. ಪೈಪಿನ ಆ ತುದಿಯ ಯಂತ್ರ ಗಾಳಿಯನ್ನು ಒತ್ತಿ ಒಳಗೆ ಕಳಿಸುತ್ತಿತ್ತು. ಹುಲ್ಲು ತುಳಿಸುವಾಗ ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆ ನನಗೆ ನೆನಪಾಯಿತು. ಅಜ್ಜನಿಗೂ ಅದೇ ನೆನಪಾಗಿತ್ತು. ಊಟಕ್ಕೆಂದು ಮಾಸ್ಕು ತೆಗೆದಾಗ ಅವರು ಆಡಿದ ಮೊದಲ ಮಾತು ಇದು:

"ಎತ್ತಿಗೆ ತಿನ್ನಬಾರ್ದು ಅಂತ ಕುಕ್ಕೆ ಕಟ್ತಿದ್ವಿ. ನನಗೆ ಮಾತಾಡಬಾರ್ದು ಅಂತ ಕಟ್ಯಾರೆ."

"ಮಾತಾಡಿದ್ರೆ ಉಸ್ರು ಖರ್ಚಾಗ್ತೈತೆ ಅಜ್ಜಾರೆ. ನನ್ನ ಬೈಯಾಕಾದ್ರೂ ಸ್ವಲ್ಪ ಉಳಿಸ್ಕಳ್ರಿ" ಎಂದಳು ಪಕ್ಕದಲ್ಲಿದ್ದ ನರ್ಸು.

ಇವಳೇ ನಾನು ಹೇಳಿದ ಹುಡುಗಿ. ಹರಿಹರದವಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಸೇರಿ ಬಹಳ ದಿನವಾಗಿರಲಿಲ್ಲ. ಕೆಲಸ ನೋಡಿ ಆಮೇಲೆ ಕಾಯಂ ಮಾಡುತ್ತೇವೆ ಎಂದು ಹೇಳಿ ಇಟ್ಟುಕೊಂಡಿದ್ದರು. ಆ ಮಾತನ್ನು ಅವಳೇ ನನಗೆ ಹೇಳಿದ್ದಳು. "ನಮ್ಮಪ್ಪ ಇನ್ನೂ ಯಾರಿಗೂ ಹೇಳಿಲ್ಲ ಅಜ್ಜಿ, ಮಗಳಿಗೆ ಕೆಲ್ಸ ಆತು ಅಂತ. ಕಾಯಂ ಆಗ್ಲಿ, ಆಮೇಲೆ ಹೇಳ್ತೀನಿ ಅಂತಾನೆ" ಎಂದು ನಗುತ್ತಿದ್ದಳು. ನಕ್ಕರೂ ವಾರ್ಡಿನ ದೊಡ್ಡ ಸಿಸ್ಟರ್ ಬಾಗಿಲಲ್ಲಿ ಕಂಡ ಕೂಡಲೇ ಅವಳ ಕೈ ತನ್ನ ಟೋಪಿ ಸರಿಮಾಡಿಕೊಳ್ಳುತ್ತಿತ್ತು.

ಅಜ್ಜನ ನೇಮ ನಿಮಗೆ ತಿಳಿದಿಲ್ಲ. ಮುಖ ತೊಳೆದು, ಹಣೆಗೆ ಮೂರು ಬೆರಳಿನಿಂದ ವಿಭೂತಿ ಹಚ್ಚಿಕೊಂಡು, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ನೋಡಿಯೇ ಅವರು ಬಾಯಿಗೆ ನೀರು ಹಾಕುತ್ತಿದ್ದುದು. ಭಟ್ಟಿಗೆ ಹೋಗುವ ಅವಸರದಲ್ಲೂ ಅದು ತಪ್ಪಿರಲಿಲ್ಲ. ಆಸ್ಪತ್ರೆಯಲ್ಲಿ ಮೊದಲ ಬೆಳಿಗ್ಗೆ ಮಾತ್ರೆ ನುಂಗಲು ಅವರು ಬಾಯಿಯನ್ನೇ ತೆರೆಯಲಿಲ್ಲ. ನಾನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹೋಗಿದ್ದ ವಿಭೂತಿ ಗಟ್ಟಿಯನ್ನು ಹೊರತೆಗೆದೆ. ಇಲ್ಲಿ ಇದಕ್ಕೆ ಬಿಡುತ್ತಾರೋ ಇಲ್ಲವೋ ಎಂದು ಅದನ್ನು ಮುಷ್ಟಿಯಲ್ಲೇ ಹಿಡಿದು ನಿಂತಿದ್ದೆ.

"ಏನದು ಅಜ್ಜಿ, ಕೊಡ್ರಿ ಇಲ್ಲಿ. ನಾನೇ ಹಚ್ತೀನಿ. ನಮ್ಮನ್ಯಾಗೆ ಇಬೂತಿ ಇಲ್ಲ, ಹೆಂಗೆ ಹಚ್ಬೇಕು ಹೇಳಿಕೊಡ್ರಿ ಮತ್ತೆ" ಎಂದಳು ಹುಡುಗಿ.

ಅಜ್ಜ ಮೂರು ಬೆರಳು ತೋರಿಸಿದರು. ಅವಳು ನೀರಿನಲ್ಲಿ ತೇದು ಹಚ್ಚಿದಳು. ಮೊದಲ ದಿನ ಗೆರೆಗಳು ಹುಬ್ಬಿನ ಮೇಲೆಲ್ಲ ಇಳಿದಿದ್ದವು. ಆಮೇಲೆ ಕಲಿತಳು. ದಿನಾ ಬೆಳಿಗ್ಗೆ ಮಾಸ್ಕು ಬಿಚ್ಚಿ ಮುಖ ಒರೆಸಿ, ಮೂಗಿನ ಮೇಲೆ, ಕೆನ್ನೆಯ ಮೇಲೆ, ಕಿವಿಯ ಹಿಂದೆ ಬೆಳಕು ಬಿಟ್ಟು ನೋಡುತ್ತಿದ್ದಳು. ಮಾಸ್ಕು ಕೂರುವ ಮೂಗಿನ ಮೂಳೆಯ ಮೇಲೆ ಮೆತ್ತನೆಯ ಒಂದು ಪಟ್ಟಿ ಅಂಟಿಸುತ್ತಿದ್ದಳು. ಅಂಥದ್ದೇ ಇನ್ನೊಂದನ್ನು ಹಣೆಗೂ ಅಂಟಿಸಲು ನೋಡಿದಳು. ವಿಭೂತಿಯ ಮೇಲೆ ಅದು ನಿಲ್ಲಲಿಲ್ಲ, ಸುರುಳಿಸುತ್ತಿಕೊಂಡು ಬಿದ್ದುಹೋಯಿತು.

ಅಷ್ಟರಲ್ಲಿ ಒಂದು ಸಂಗತಿ ನಡೆಯಿತು. ಪಕ್ಕದ ಮಂಚದಲ್ಲಿ ಒಬ್ಬ ವಯಸ್ಸಾದವರಿದ್ದರು, ಅವರೂ ವಿಭೂತಿ ಹಚ್ಚುವವರೇ. ಒಂದು ಬೆಳಿಗ್ಗೆ ಆಯಾ ಅವರ ಮುಖ ಒರೆಸುತ್ತಿರುವಾಗಲೇ ಅವರ ಪ್ರಾಣ ಹೋಯಿತು. ಅವರ ಮಗಳು ಓಡಿಬಂದು, "ಬರಿ ಹಣ್ಯಾಗೆ ಹೋಗಿಬಿಟ್ಟೆಲ್ಲಪ್ಪಾ" ಎಂದು ಅತ್ತಳು. ಪರದೆಯ ಈಚೆ ಅಜ್ಜ ಅದನ್ನು ಕೇಳಿಸಿಕೊಂಡರು. ಆ ದಿನವೆಲ್ಲ ಅವರ ಕೈ ಮತ್ತೆ ಮತ್ತೆ ಹಣೆಗೆ ಹೋಗುತ್ತಿತ್ತು.

ಮರುದಿನ ಹುಡುಗಿ ಒದ್ದೆ ಬಟ್ಟೆ ಹಣೆಯ ಹತ್ತಿರ ತಂದಾಗ ಅಜ್ಜ ಅವಳ ಮುಂಗೈ ಹಿಡಿದರು.

"ಒರಸಬ್ಯಾಡ. ಅದರ ಮ್ಯಾಲೇ ಹಚ್ಚು."

"ಹಳೇದು ತೆಗ್ದು ಹಚ್ಚಿದ್ರೆ ಚಲೋ ಅಲ್ವಾ ಅಜ್ಜಾರೆ? ಒಂದು ಗಳಿಗೆ ಅಷ್ಟೆ."

"ಆ ಗಳಿಗ್ಯಾಗೇ ಹೋದ್ರೆ?"

ಅವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಬೇಡ ಎನ್ನಲು ಅವಳಿಗೆ ಮನಸ್ಸಾಗಲಿಲ್ಲ. ಅಂದಿನಿಂದ ಮುಖವನ್ನೆಲ್ಲ ಒರೆಸುತ್ತಿದ್ದಳು, ಹಣೆಯನ್ನು ಬಿಡುತ್ತಿದ್ದಳು. ಹಳೆಯ ಗೆರೆಗಳ ಮೇಲೇ ಹೊಸ ಗೆರೆ ಎಳೆದು, ಅದರ ಮೇಲೆ ಮಾಸ್ಕಿನ ಬಿಲ್ಲೆ ಕೂರಿಸುತ್ತಿದ್ದಳು. ಸಂಜೆ ಬರುವ ನರ್ಸುಗಳೂ ಗೌರವದಿಂದ ಹಾಗೇ ಮಾಡಿದರು. ದಿನದಿಂದ ದಿನಕ್ಕೆ ಅಜ್ಜನ ಹಣೆ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಯಿತು.

ಹೀಗಿರುವಾಗ ವಾರ್ಡಿಗೆ ಒಬ್ಬ ಮೇಡಂ ಬಂದರು. ವಿದ್ಯಾನಗರದ ಕಡೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವವರಂತೆ, ತಾವೂ ಏನೋ ಮೇಲಿನ ಓದು ಓದುತ್ತಿದ್ದರಂತೆ. ಮಾಸ್ಕು, ಪೈಪು, ಪಟ್ಟಿಗಳಂಥ ಆಸ್ಪತ್ರೆಯ ಸಾಧನಗಳು ಒತ್ತಿ ರೋಗಿಯ ಮೈಮೇಲೆ ಗಾಯವಾಗುತ್ತದಲ್ಲ, ಅದರ ಬಗ್ಗೆ ನರ್ಸುಗಳಿಗೆ ಎಷ್ಟು ತಿಳಿದಿದೆ ಎಂದು ನೋಡುವುದು ಅವರ ಕೆಲಸ. ಮೊದಲು ಒಂದು ಪರೀಕ್ಷೆ, ಆಮೇಲೆ ಪಾಠ, ಕೆಲವು ದಿನ ಬಿಟ್ಟು ಅದೇ ಪ್ರಶ್ನೆಗಳ ಇನ್ನೊಂದು ಪರೀಕ್ಷೆ. ನನಗೆ ಇದು ವಿಚಿತ್ರವೆನ್ನಿಸಿತು. ಮಲಗಿ ಮಲಗಿ ಬೆನ್ನಿಗೆ ಹುಣ್ಣಾಗುವುದು ನನಗೆ ಗೊತ್ತಿತ್ತು. ನಮ್ಮ ಅತ್ತೆಗೇ ಆಗಿತ್ತು. ಆದರೆ ಉಸಿರು ಕೊಡುವ ಸಾಧನವೇ ಗಾಯ ಮಾಡುತ್ತದೆ ಎಂದರೆ ಹೇಗೆ? ಹಾಗಾದರೆ ಅದನ್ನು ಕಟ್ಟಬೇಕೋ ಬಿಡಬೇಕೋ?

ನರ್ಸುಗಳು ಸರದಿಯ ಮೇಲೆ ಮೇಜಿನ ಹತ್ತಿರ ಕೂತು ಬರೆದರು. ಆ ಮೇಜು ಅಜ್ಜನ ಮಂಚದ ಪಕ್ಕದಲ್ಲೇ ಇತ್ತು.

"ಮದುವೆ ಆಗಿ ಎರಡು ಮಕ್ಕಳಾದ್ರೂ ಪರೀಕ್ಷೆ ತಪ್ಪಲಿಲ್ಲ ನೋಡ್ರಿ" ಎಂದಳು ಒಬ್ಬಳು.

"ನಿನ್ನ ಮಗ ಪಾಸಾಗ್ಯಾನಲ್ಲ, ಅವನ್ನೇ ಕರ್ಕಂಡು ಬಾ" ಎಂದಳು ಇನ್ನೊಬ್ಬಳು.

"ಮಾತು ಬ್ಯಾಡ್ರಿ. ಯಾರ ಹೆಸರೂ ಹೊರಗೆ ಬರಲ್ಲ, ಹೆದರಬ್ಯಾಡ್ರಿ. ಗೊತ್ತಿದ್ದಷ್ಟು ಬರೀರಿ" ಎಂದರು ಮೇಡಂ, ತಾವೂ ನಗುತ್ತ.

ಹರಿಹರದ ಹುಡುಗಿ ಪ್ರಶ್ನೆಗಳನ್ನು ಶಾಲೆಯ ಮಕ್ಕಳಂತೆ ತುಟಿಯಲ್ಲೇ ಓದಿಕೊಳ್ಳುತ್ತಿದ್ದಳು. ಅದರಿಂದ ನನಗೂ ಸ್ವಲ್ಪ ಕೇಳಿಸಿತು. ಮಾಸ್ಕಿನ ಪಟ್ಟಿಯ ಕೆಳಗೆ ಬೆರಳು ಆಡುವಷ್ಟು ಜಾಗ ಇರಬೇಕೇ ಬೇಡವೇ, ಮಾಸ್ಕು ಎತ್ತಿ ಕೆಳಗಿನ ಚರ್ಮ ನೋಡಬೇಕೇ, ಮೂಗಿನ ಕೊಳವೆ ಇದ್ದವರಿಗೆ ಎಲ್ಲಿ ಗಾಯವಾಗುತ್ತದೆ, ಚರ್ಮ ಕೆಂಪಾದರೆ ಮೊದಲು ಏನು ಮಾಡಬೇಕು, ಹೀಗೆ. ಅವಳು ಎಲ್ಲೂ ನಿಲ್ಲದೆ ಗುರುತು ಹಾಕಿದಳು. ಹೆಸರು ಹೊರಗೆ ಬರುವುದಿಲ್ಲ ಎಂದಿದ್ದರೂ ಸಂಜೆ ಮೇಡಂ ಸಂತೋಷಕ್ಕೆ ಅವಳ ಬೆನ್ನು ತಟ್ಟಿ, "ಚೆನ್ನಾಗಿ ಬರೆದಿದ್ದೀಯ" ಎಂದುಬಿಟ್ಟರು. ಅಜ್ಜ ಮಾಸ್ಕಿನೊಳಗಿಂದಲೇ ಹೆಬ್ಬೆರಳು ಎತ್ತಿ ತೋರಿಸಿದರು. ಊಟದ ಹೊತ್ತಿಗೆ, "ನಮ್ಮ ಹುಡುಗಿ ಪಾಸಾದ್ಲು. ಭಟ್ಟಿಯಿಂದ ಒಂದು ಚೀಲ ಮಂಡಕ್ಕಿ ತರಿಸಿ ಎಲ್ರಿಗೂ ಹಂಚು" ಎಂದು ನನಗೆ ಅಪ್ಪಣೆ ಮಾಡಿದರು.

ಅದಾದ ಮರುದಿನವೋ ಅದರ ಮರುದಿನವೋ ಅವಳಿಗೆ ರಜೆ ಇತ್ತು. ಬೇರೆ ವಾರ್ಡಿನಿಂದ ಒಬ್ಬ ನರ್ಸು ಬಂದಿದ್ದಳು. ಅಜ್ಜ ಮಂಪರಿನಲ್ಲಿದ್ದರು. ಅವರ ಪದ್ಧತಿ ಅವಳಿಗೆ ಗೊತ್ತಿರಲಿಲ್ಲ, ಎಲ್ಲರಿಗೂ ಮಾಡುವಂತೆ ಮಾಸ್ಕು ತೆಗೆದು ಒದ್ದೆ ಬಟ್ಟೆಯಿಂದ ಹಣೆಯನ್ನು ಉಜ್ಜಿ ಒರೆಸಿದಳು. ಬಟ್ಟೆ ಬೂದಿಬಣ್ಣವಾಯಿತು. ಆಮೇಲೆ ಅದರಲ್ಲಿ ಸ್ವಲ್ಪ ಕೆಂಪೂ ಕಂಡಿತು.

ಹಣೆಯ ನಡುವೆ, ಬಿಲ್ಲೆ ಕೂರುವ ಜಾಗದಲ್ಲಿ, ನೇರಳೆ ಹಣ್ಣಿನ ಬಣ್ಣದ ಒಂದು ಗುಂಡು ಗುರುತು ಇತ್ತು. ಅದರ ನಡುವಿನ ಚರ್ಮ ಹರಿದಿತ್ತು.

ದೊಡ್ಡ ಸಿಸ್ಟರ್ ಬಂದರು, ಡಾಕ್ಟರು ಬಂದರು. "ಮೂಗಿಗೆ ಪಟ್ಟಿ ಹಾಕಿದೀರಿ, ಹಣೆಗೆ ಯಾಕೆ ಹಾಕಿಲ್ಲ?" ಎಂದು ಡಾಕ್ಟರು ಕೇಳಿದರು. ಗಾಯ ತೊಳೆದು ಔಷಧಿ ಹಾಕಿ, ಬಿಲ್ಲೆ ಹಣೆಗೆ ತಾಗದ ಇನ್ನೊಂದು ಬಗೆಯ ಮಾಸ್ಕು ತರಲು ಹೇಳಿ ಹೋದರು. ದೊಡ್ಡ ಸಿಸ್ಟರ್ ಮಾತ್ರ ನಿಂತೇ ಇದ್ದರು. ಅವರು ಕೆಟ್ಟವರಲ್ಲ. ವಾರ್ಡಿನಲ್ಲಿ ಯಾರಿಗೆ ಏನಾದರೂ ಮೇಲಿನವರು ಮೊದಲು ಕೇಳುವುದು ಅವರನ್ನೇ.

"ಮೊನ್ನೆ ಪರೀಕ್ಷ್ಯಾಗೆ ಎಲ್ಲಾ ಗೊತ್ತೈತೆ ಅಂತ ಬರ್ದಾಳೆ. ಇಲ್ಲಿ ಹಣೆ ಮ್ಯಾಲೆ ತೂತು ಬಿದ್ದೈತೆ. ಇಂಥೋರನ್ನ ಕಾಯಂ ಮಾಡ್ರಿ ಅಂತ ನಾನು ಹೆಂಗೆ ಸಹಿ ಹಾಕ್ಲಿ?" ಎಂದು ಯಾರಿಗೋ ಹೇಳುವಂತೆ ಹೇಳಿದರು. ನಾಳೆ ಅವಳು ಬರಲಿ, ಕೇಳುತ್ತೇನೆ ಎಂದು ಹೊರಟುಹೋದರು.

ಎಚ್ಚರವಾದ ಮೇಲೆ ಅಜ್ಜ ಹಣೆ ಮುಟ್ಟಿಕೊಂಡರು. ಬೆರಳಿಗೆ ಬೂದಿ ಸಿಗಲಿಲ್ಲ. "ಯಾರು ಒರಸಿದ್ದು?" ಎಂದವರ ಕಣ್ಣು ನೋಡಿ ನನಗೆ ಭಯವಾಯಿತು. ವಿಭೂತಿ ಹಚ್ಚುವವರೆಗೆ ಮಾಸ್ಕು ಕಟ್ಟಿಸಿಕೊಳ್ಳುವುದಿಲ್ಲ ಎಂದು ಮುಖ ತಿರುಗಿಸಿದರು. ಯಂತ್ರ ಕಿರುಚಲು ಶುರು ಮಾಡಿತು. ಗಾಯವಾಗಿದೆ, ಡಾಕ್ಟರು ಬೇಡವೆಂದಿದ್ದಾರೆ ಎಂದು ನಾನು ಬೇಡಿಕೊಂಡೆ. ಅವರು ದಿಂಬಿನ ಕೆಳಗಿದ್ದ ವಿಭೂತಿ ಗಟ್ಟಿಯನ್ನು ತಾವೇ ತೆಗೆದುಕೊಂಡು ಔಷಧಿಯ ಪಟ್ಟಿಯ ಮೇಲೇ ಉಜ್ಜಿಕೊಂಡರು. ಆಮೇಲೆ ಮಾಸ್ಕಿಗೆ ಮುಖ ಕೊಟ್ಟರು.

ಆ ದಿನ ಬಂದವರೆಲ್ಲ ಒಂದೊಂದು ಹೇಳಿದರು. ಪಟ್ಟಿ ಬಿಗಿಯಾಯಿತು ಎಂದರು ಒಬ್ಬರು. ಮಾಸ್ಕಿನ ಅಳತೆ ದೊಡ್ಡದು ಎಂದರು ಇನ್ನೊಬ್ಬರು. ವಯಸ್ಸಾದವರ ಚರ್ಮ ಈರುಳ್ಳಿ ಸಿಪ್ಪೆ ಇದ್ದಂತೆ, ಯಾರೇನು ಮಾಡಲಾಗುತ್ತದೆ ಎಂದಳು ಆಯಾ. ನೋಡಲು ಬಂದ ಹರಿಹರದ ದೊಡ್ಡಜ್ಜ, "ಇಬೂತಿಯಿಂದ ಗಾಯ ಆಗ್ತೈತಾ? ಅದು ಗಾಯಕ್ಕೆ ಹಚ್ಚೋದು" ಎಂದು ಗದರಿದರು. ಎಲ್ಲರ ಮಾತೂ ನನಗೆ ಸರಿಯೆನ್ನಿಸಿತು. ಒಬ್ಬರ ಮಾತು ಕೇಳುವಾಗ ಇನ್ನೊಬ್ಬರದು ಸುಳ್ಳೆನ್ನಿಸಿತು. ಸಂಜೆಯ ಹೊತ್ತಿಗೆ ತಲೆಯೊಳಗೆ ಹತ್ತಿ ತುಂಬಿದಂತಾಗಿತ್ತು.

ಮಾರನೆಯ ಬೆಳಿಗ್ಗೆ ಹುಡುಗಿ ಬಂದಳು. ಯಾರೋ ಫೋನಿನಲ್ಲಿ ಹೇಳಿದ್ದರು, ಬಸ್ಸಿನಲ್ಲಿ ಅತ್ತುಕೊಂಡೇ ಬಂದಿದ್ದಳೆಂದು ಕಾಣುತ್ತದೆ. ದೊಡ್ಡ ಸಿಸ್ಟರ್ ಅವಳನ್ನು ಅಜ್ಜನ ಮಂಚದ ಹತ್ತಿರವೇ ನಿಲ್ಲಿಸಿದರು. ಎರಡನೆಯ ಪರೀಕ್ಷೆಯ ದಿನ ಗೊತ್ತುಮಾಡಲು ಬಂದಿದ್ದ ಮೇಡಂ ಕೂಡ ಅಲ್ಲೇ ಇದ್ದರು.

"ದಿನಾ ಎತ್ತಿ ನೋಡ್ತಿದ್ಯಾ ಇಲ್ವಾ?"

"ನೋಡ್ತಿದ್ದೆ ಸಿಸ್ಟರ್."

"ನೋಡ್ತಿದ್ರೆ ಕಣ್ಣು ಎಲ್ಲಿಟ್ಟಿದ್ದೆ?"

ಹುಡುಗಿ ಅಜ್ಜನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. ಅಜ್ಜ ಒರೆಸಲು ಬಿಡಲಿಲ್ಲ ಎಂದು ಅವಳು ಹೇಳಬಹುದಿತ್ತು. ಯಾಕೆ ಹೇಳಲಿಲ್ಲವೋ ತಿಳಿಯದು. ಕಾಯಿಲೆಯವರ ಮೇಲೆ ಹಾಕಬಾರದು ಎಂದುಕೊಂಡಳೋ, ಹೇಳಿದರೂ ನಂಬುವುದಿಲ್ಲ ಎಂದುಕೊಂಡಳೋ.

ದೊಡ್ಡ ಸಿಸ್ಟರ್ ನನ್ನ ಕಡೆ ತಿರುಗಿದರು. "ನೀವು ಇಲ್ಲೇ ಇದ್ರಲ್ಲಮ್ಮ. ಎತ್ತಿ ನೋಡ್ತಿದ್ಲಾ?"

ನನ್ನ ಸ್ವಭಾವ ನಿಮಗೆ ಗೊತ್ತು. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಬಂದರೂ ಕೇಳುವವಳಲ್ಲ ನಾನು. ಅಜ್ಜನ ಎದುರಿಗೆ, ಅಜ್ಜನ ವಿಷಯವನ್ನು ಪರರ ಹತ್ತಿರ ಆಡಿದ್ದೇ ಇಲ್ಲ. ಸೆರಗನ್ನು ಬಾಯಿಗೆ ಹಿಡಿದುಕೊಂಡು ಹೇಗೋ ಹೇಳಿದೆ:

"ನೋಡ್ತಿದ್ಲು ರೀ. ಮಕ ಎಲ್ಲಾ ಒರಸಿ ನೋಡ್ತಿದ್ಲು. ಹಣೆ ಮಾತ್ರ ಇವರು ಒರಸಾಕೆ ಬಿಡ್ಲಿಲ್ಲ. ಬರಿ ಹಣ್ಯಾಗೆ ಜೀವ ಹೋಗಬಾರ್ದು ಅಂತ ಇವರಿಗೆ ಭಯ. ಅವಳು ಇವರ ಮಾತು ಕೇಳಿದ್ಲು. ಕೇಳಬೇಕಿತ್ತೋ, ಕೇಳಬಾರ್ದಿತ್ತೋ, ನನಗೆ ತಿಳೀವಲ್ದು."

ಹೇಳಿ ಮುಗಿದ ಮೇಲೆ ಅಜ್ಜನ ಕಡೆ ನೋಡಲು ನನಗೆ ಧೈರ್ಯ ಸಾಲಲಿಲ್ಲ.

"ಅಂದ್ರೆ ಇಬೂತಿ ಮುಚ್ಕೊಂಡಿತ್ತು. ಅದ್ರಿಂದ ಕಾಣ್ಲಿಲ್ಲ. ಹೌದಾ?" ಎಂದು ದೊಡ್ಡ ಸಿಸ್ಟರ್ ಮೇಡಂ ಕಡೆ ನೋಡಿದರು. "ನಿಮ್ಮ ಪ್ರಶ್ನ್ಯಾಗೆ ಇದು ಐತಾ?"

ಮೇಡಂ ಕೈಯಲ್ಲಿದ್ದ ಪ್ರಶ್ನೆಗಳ ಹಾಳೆ ತಿರುವಿದರು. "ಚರ್ಮ ನೋಡಬೇಕು ಅಂತ ಐತೆ. ಹಚ್ಚಿದ್ದನ್ನ ತೆಗೆದು ನೋಡಬೇಕು ಅನ್ನೋದು ಅದ್ರಾಗೇ ಬಂತು ಅಂತ ನಾನು ತಿಳ್ಕಂಡಿದ್ದೆ. ಪೇಷಂಟು ಬ್ಯಾಡ ಅಂದ್ರೆ ಏನು ಮಾಡ್ಬೇಕು ಅಂತ ನಾನು ಕೇಳಿಲ್ಲ."

"ಮಾಸ್ಕಿಂದ ಆತೋ, ಇಬೂತಿಯಿಂದ ಆತೋ?"

"ಒತ್ತಿದ್ದು ಮಾಸ್ಕು. ಬೂದಿ ಚರ್ಮ ಒಣಗಿಸಿ ಜಾಸ್ತಿ ಮಾಡ್ತೋ ಏನೋ, ಖಂಡಿತ ಹೇಳಾಕೆ ಬರಲ್ಲ" ಎಂದರು ಮೇಡಂ.

ಓದಿದವರಿಗೂ ತಿಳಿಯದು ಎಂದು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇನ್ನಷ್ಟು ಗಾಬರಿಯಾಯಿತು.

ದೊಡ್ಡ ಸಿಸ್ಟರ್ ಅಜ್ಜನ ಹತ್ತಿರ ಬಗ್ಗಿದರು. "ಅಜ್ಜಾರೆ, ನೀವೇ ಹೇಳ್ರಿ. ಹುಡುಗಿ ಒರಸಾಕೆ ಬಂದಾಗ ನೀವು ಬ್ಯಾಡ ಅಂದ್ರಾ? ಹೌದು ಅಂದ್ರೆ ಹಂಗೇ ಬರೀತೀನಿ. ಇಲ್ಲ ಅಂದ್ರೆ ಅವಳ ತಪ್ಪು ಅಂತ ಬರೀತೀನಿ, ಇವತ್ತೇ ಅವಳು ಈ ವಾರ್ಡು ಬಿಡ್ಬೇಕು."

ಅಜ್ಜ ಕಣ್ಣು ಮುಚ್ಚಿದರು. ಅವರ ಸಂಕಟ ನನಗೆ ಅರ್ಥವಾಯಿತು, ಅಥವಾ ಅರ್ಥವಾಯಿತೆಂದು ಈಗ ಅನ್ನಿಸುತ್ತದೆ. ಹೌದು ಎಂದರೆ ಹಣೆಯ ಮೇಲಿನ ವಿಭೂತಿಯೇ ಗಾಯವನ್ನು ಬಚ್ಚಿಟ್ಟಿತು ಎಂದು ಅವರ ಬಾಯಲ್ಲೇ ಬಂದಂತೆ. ಬಾಳೆಲ್ಲ ನಂಬಿದ್ದನ್ನು ದೂರಿದಂತೆ. ಇಲ್ಲ ಎಂದರೆ ಮಗಳಂತೆ ಮುಖ ಒರೆಸಿದವಳ ಅನ್ನ ಕಿತ್ತಂತೆ. ಮಾಸ್ಕಿನ ಯಂತ್ರ ಒಂದೇ ಸಮನೆ ಉಸಿರು ಬಿಡುತ್ತಿತ್ತು.

ಕೊನೆಗೆ ಅವರು ಕೈಯೆತ್ತಿ ಮಾಸ್ಕು ತೆಗೆಯಲು ಸನ್ನೆ ಮಾಡಿದರು. ಹುಡುಗಿಯೇ ತೆಗೆದಳು.

"ಒದ್ದಿ ಬಟ್ಟೆ ತಗಂಡು ಬಾ" ಎಂದರು ಅವಳಿಗೆ.

ಅವಳು ತಂದಳು. ಅವರು ಹಣೆ ತೋರಿಸಿದರು.

"ಒರಸು."

"ಅಜ್ಜಾರೆ…"

"ಪೂರ್ತಿ ಒರಸು. ಬರಿ ಮಾಡು. ಎಲ್ರೂ ನೋಡ್ಲಿ."

ಅವಳು ಔಷಧಿಯ ಪಟ್ಟಿ ಬಿಡಿಸಿ, ಗಾಯ ತಪ್ಪಿಸಿ ನಿಧಾನವಾಗಿ ಒರೆಸಿದಳು. ಮದುವೆಯಾದಂದಿನಿಂದ ನಾನು ಅವರ ಬರಿ ಹಣೆಯನ್ನು ಹಾಗೆ ನಿಂತು ನೋಡಿದ್ದಿಲ್ಲ, ಹಿಂದಿನ ದಿನ ಗಾಯ ಬಿಟ್ಟು ಬೇರೇನೂ ಕಂಡಿರಲಿಲ್ಲ. ಅದು ಬೇರೆ ಯಾರದೋ ಮುಖದಂತೆ ಕಂಡಿತು. ಅಗಲವಾದ, ಸುಕ್ಕುಬಿದ್ದ, ನಡುವೆ ಕಪ್ಪು ಬಿಲ್ಲೆಯಂಥ ಗಾಯವಿದ್ದ ಹಣೆ. ಅವರು ಉಸಿರು ಎಳೆದೆಳೆದು ಹೇಳಿದರು:

"ನಾನೇ ಬ್ಯಾಡ ಅಂದಿದ್ದೆ. ಹುಡುಗಿದು ತಪ್ಪಿಲ್ಲ. ಇಬೂತಿದೂ ತಪ್ಪಿಲ್ಲ. ಬರ್ಕಳ್ರಿ." ಆಮೇಲೆ ಬಲಗೈಯನ್ನು ಹುಡುಗಿಯ ಮುಂದೆ ಚಾಚಿ, ಅಂಗಿಯ ತೋಳು ಮೇಲಕ್ಕೆಳೆದುಕೊಂಡರು. "ಇಲ್ಲಿ ಹಚ್ಚು. ರಟ್ಟೆಗೂ ಹಚ್ತಾರೆ. ಅಲ್ಲಿ ಯಾವ ಕುಕ್ಕೇನೂ ಇಲ್ಲ."

ಹುಡುಗಿ ಅಳುತ್ತಲೇ ಅವರ ತೋಳಿಗೆ ಮೂರು ಗೆರೆ ಎಳೆದಳು. ಮೊದಲ ದಿನದಂತೆ ಸೊಟ್ಟಗೆ ಬಂದವು. ದೊಡ್ಡ ಸಿಸ್ಟರ್ ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಈಚೆ ತಿರುಗಿದಾಗ ಅವರ ದನಿ ಮೊದಲಿನಷ್ಟೇ ಗಡುಸಾಗಿತ್ತು.

"ನನ್ನನ್ನ ಎಲ್ಲಿಗೆ ತಂದು ನಿಲ್ಲಿಸಿದ್ರಿ ಅಜ್ಜಾರೆ. ಗಾಯ ಆಗೈತೆ ಅಂತ ನಾನು ಬರೀಲೇಬೇಕು, ಬರೀತೀನಿ. ನೀವು ಹೇಳಿದ್ದೂ ಬರೀತೀನಿ. ಏ ಹುಡುಗಿ, ನೀನು ಎಲ್ಲಿಗೂ ಹೋಗ್ಬ್ಯಾಡ. ಈ ಗಾಯ ಮಾಗೋ ತನಕ ಇದರ ಡ್ರೆಸ್ಸಿಂಗ್ ನಿಂದೇ. ಇನ್ನೊಂದ್ಸಲ ಪೇಷಂಟು ಬ್ಯಾಡ ಅಂದ್ರೆ ನನ್ನ ಹತ್ರ ಬಂದು ಹೇಳ್ಬೇಕು. ನೀನೇ ನುಂಗ್ಕಂಡು ಕೂಡಬಾರ್ದು. ತಿಳೀತಾ?"

"ತಿಳೀತು ಸಿಸ್ಟರ್."

ಕೆಲವು ದಿನಗಳ ಮೇಲೆ ಎರಡನೆಯ ಪರೀಕ್ಷೆ ನಡೆಯಿತು. ಅದೇ ಮೇಜು, ಅದೇ ಪ್ರಶ್ನೆಗಳು. ಈ ಸಲ ಹರಿಹರದ ಹುಡುಗಿ ಬಹಳ ಹೊತ್ತು ಕೂತಿದ್ದಳು. ಪೆನ್ನು ಕಚ್ಚುತ್ತಿದ್ದಳು, ಬರೆದದ್ದನ್ನು ಹೊಡೆದುಹಾಕುತ್ತಿದ್ದಳು. ಉಳಿದವರಿಗೆಲ್ಲ ಅಂಕ ಏರಿತಂತೆ, ಇವಳಿಗೆ ಇಳಿಯಿತಂತೆ. ಅವಳೇ ಬಂದು ಹೇಳಿದಳು.

"ಯಾಕವ್ವಾ, ಮೊದ್ಲು ಎಲ್ಲಾ ಗೊತ್ತಿತ್ತಲ್ಲ?" ಎಂದೆ ನಾನು.

"ಮೊದ್ಲು ಗೊತ್ತಿತ್ತು ಅಜ್ಜಿ. ಈಗ ಒಂದೊಂದು ಪ್ರಶ್ನೆ ಓದ್ದಾಗ್ಲೂ 'ಹೌದು, ಆದ್ರೆ' ಅನ್ಸಾಕತ್ತಿತು. ಆ 'ಆದ್ರೆ' ಬರ್ಯಾಕೆ ಅಲ್ಲಿ ಜಾಗ ಇರ್ಲಿಲ್ಲ. ಎರಡು ಪ್ರಶ್ನೆ ಖಾಲಿ ಬಿಟ್ಟೆ."

ಅಜ್ಜ ನಕ್ಕರು. ಮೇಡಂ ಬಂದಾಗ, "ನಿಮ್ಮ ಪರೀಕ್ಷ್ಯಾಗೆ ಇಬೂತಿದೂ ಒಂದು ಪ್ರಶ್ನೆ ಹಾಕ್ರಿ, ದಾವಣಗೆರ್ಯಾಗೆ ಬೇಕಾಗ್ತೈತೆ" ಎಂದರು. ಮೇಡಂ ನಗಲಿಲ್ಲ. ಹಾಳೆಯ ಅಂಚಿನಲ್ಲಿ ಏನೋ ಬರೆದುಕೊಂಡರು.

ಇದೇ ನನಗೆ ಇನ್ನೂ ಬಗೆಹರಿಯದ್ದು. ಅಂಕ ಹೆಚ್ಚು ಬಂದಾಗ ಅವಳಿಗೆ ಹೆಚ್ಚು ತಿಳಿದಿತ್ತೋ, ಕಡಿಮೆ ಬಂದಾಗ ಹೆಚ್ಚು ತಿಳಿದಿತ್ತೋ? ಕುಲುಕದಂತೆ ಮುಖ ಎತ್ತಿ, ಬೆಳಕು ಬಿಟ್ಟು, ದಿನಾ ಆ ಗಾಯವನ್ನು ನೋಡಿದ್ದು ಅವಳೇ. ಅವಳು ತಪ್ಪು ಮಾಡಲೇ ಇಲ್ಲ ಎಂದು ನಾನು ಹೇಳಲಾರೆ. ಅಜ್ಜನ ಭಯಕ್ಕೆ ಮರ್ಯಾದೆ ಕೊಟ್ಟದ್ದನ್ನು ತಪ್ಪು ಎನ್ನಲೂ ನನ್ನ ಬಾಯಿ ಬರುವುದಿಲ್ಲ. ಬಟ್ಟೆ ಹಿಡಿದು ಒರೆಸಿಬಿಟ್ಟ ಆ ಬೇರೆ ವಾರ್ಡಿನ ನರ್ಸು ಇಲ್ಲದಿದ್ದರೆ ಗಾಯ ಮೂಳೆಯವರೆಗೂ ಹೋಗುತ್ತಿತ್ತೇನೋ. ಆದರೂ ಅಜ್ಜ ಆ ನರ್ಸನ್ನು ಕೊನೆಯವರೆಗೂ ಕ್ಷಮಿಸಲಿಲ್ಲ.

ಅಜ್ಜ ಮನೆಗೆ ಬರುವ ಹೊತ್ತಿಗೆ ಗಾಯ ಒಣಗಿತ್ತು. ಸಂಪೂರ್ಣ ಮಾಗಿದ ಮೇಲೆ ಮತ್ತೆ ಹಣೆಗೆ ವಿಭೂತಿ ಹಚ್ಚತೊಡಗಿದರು. ಆದರೆ ಗೆರೆಗಳನ್ನು ನಡುವೆ ನಿಲ್ಲಿಸಿ, ಕಲೆಯ ಜಾಗ ಬಿಟ್ಟು, ಆ ಕಡೆಯಿಂದ ಮುಂದುವರಿಸುತ್ತಿದ್ದರು. ಯಾಕೆ ಎಂದು ಕೇಳಿದರೆ, "ಮುಚ್ಚಿದ್ದು ಸಾಕು" ಎನ್ನುತ್ತಿದ್ದರು. ಫೋಟೋ ತೆಗೆಸಿದ್ದು ಆ ದಿನಗಳಲ್ಲೇ. ನೋಡಿದವರಿಗೆ ಅದು ಮೂರನೆಯ ಕಣ್ಣಿನಂತೆ ಕಂಡರೆ ಅಚ್ಚರಿಯಿಲ್ಲ. ದೊಡ್ಡಜ್ಜನಿಗೆ ನಿಜ ಗೊತ್ತು. ಆದರೂ ಶಿವನ ಗುರುತು ಎಂದು ಹೇಳಿಕೊಂಡು ಬರುತ್ತಾರೆ. ತಮ್ಮನ ಮೇಲಿನ ಪ್ರೀತಿ, ಏನು ಹೇಳುವುದು.

ಅಜ್ಜ ಹೋದದ್ದು ಮನೆಯಲ್ಲಿ, ಬೆಳಿಗ್ಗೆ, ಪೂಜೆ ಮುಗಿಸಿ ಗೋಡೆಗೆ ಒರಗಿ ಕೂತಿದ್ದಾಗ. ಹಣೆ ಬರಿದಾಗಿರಲಿಲ್ಲ. ಸುದ್ದಿ ಕೇಳಿ ಹರಿಹರದಿಂದ ಆ ಹುಡುಗಿ ಬಂದಳು. ಆಗಲೇ ಅವಳ ಕೆಲಸ ಕಾಯಂ ಆಗಿತ್ತು. ನಮ್ಮ ಪದ್ಧತಿಯಂತೆ ಕೂರಿಸಿದ್ದ ಅಜ್ಜನ ಮುಂದೆ ಜನ ಕೈಮುಗಿದು, ಹಣೆಯ ಗುರುತು ನೋಡಿ, "ಪುಣ್ಯಾತ್ಮ" ಎನ್ನುತ್ತಿದ್ದರು. ಅವಳು ನನ್ನ ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳಿದಳು: "ಅಜ್ಜಿ, ಅದು ನಂದು. ನನ್ನ ತಪ್ಪು ಅದು." ನಾನು ಅವಳ ಕೈ ಹಿಡಿದುಕೊಂಡೆ. ಅಲ್ಲ ಎನ್ನಬೇಕೋ ಹೌದು ಎನ್ನಬೇಕೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಹೆಂಗಸರು ಬಂದು ನನ್ನ ಹಣೆಯ ಕುಂಕುಮ ಒರೆಸಿದರು. ಅವಳು ಎದ್ದು ಹೋಗಿ ತಟ್ಟೆಯಲ್ಲಿದ್ದ ವಿಭೂತಿ ತೇದು ತಂದು, ಯಾರನ್ನೂ ಕೇಳದೆ, ನನ್ನ ಹಣೆಗೆ ಮೂರು ಗೆರೆ ಎಳೆದಳು. ನೆಟ್ಟಗೆ ಬಂದವು.

ಈಗಲೂ ಒಮ್ಮೊಮ್ಮೆ ಡ್ಯೂಟಿ ಮುಗಿಸಿ ಇತ್ತ ಬಂದು ಹೋಗುತ್ತಾಳೆ. ನಿಮಗೆ ಮಂಡಕ್ಕಿ ಉಂಡೆ ತರುವ ಆಂಟಿ ಅವಳೇ. ಅವಳ ಮುಂದೆ ಫೋಟೋದ ಮಾತು ಎತ್ತಬೇಡಿ ಎಂದು ನಾನು ಗದರಿದ್ದು ಇದಕ್ಕೇ.

ಇನ್ನು ಈ ಹಾಳೆಗಳ ವಿಷಯ. ಫೋಟೋದ ಹಿಂದೆ ಒಂದು ರಟ್ಟಿದೆ, ನಾಲ್ಕು ಮೊಳೆ ಬಗ್ಗಿಸಿದರೆ ಬರುತ್ತದೆ. ಗುಂಡಾ, ನಿಮ್ಮಪ್ಪನ ಕೈಯಲ್ಲಿ ಅದನ್ನು ತೆಗೆಸಿ, ಇವನ್ನು ಮಡಿಸಿ ಒಳಗಿಟ್ಟು ಮತ್ತೆ ಮುಚ್ಚಿಸು. ಪುಟ್ಟಿ, ಮನೆ ಬದಲಾಯಿಸಿದರೂ, ಫೋಟೋದ ಗಾಜು ಒಡೆದು ಹೊಸ ಕಟ್ಟು ಹಾಕಿಸಿದರೂ, ಹಿಂದಿನ ಕಾಗದ ಬಿಸಾಡಲು ಬಿಡಬೇಡ. ನಾನಿಲ್ಲದಾಗ ಯಾರಾದರೂ ಅದು ಶಿವನ ಗುರುತೋ, ಆ ಹುಡುಗಿಯ ತಪ್ಪೋ ಎಂದು ಕೇಳಿದರೆ ತೆಗೆದು ಓದಿ. ಓದಿದ ಮೇಲೆ ಮತ್ತೆ ಅಲ್ಲೇ ಇಡಿ.